ಒಟ್ಟು ಹಾಕಿದ ಪುಂಡಿ ಗುಳಿಗೆ

ಬಂಡೆಪ್ಪ ತೀರಿಕೊಂಡದ್ದು ಇಲಿಜ್ವರದಿಂದ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಮುಂಬಯಿಯ ಭಾಂಡುಪ್‌ನ ಗುಡ್ಡದ ಮೇಲಿನ ಸಾಲುಮನೆಗಳ ಅವನ ಚಾಳಿನಲ್ಲಿ ಇವತ್ತಿಗೂ ಬೇರೆಯದೇ ಮಾತು ನಡೆಯುತ್ತದೆ. ಕಳೆದ ಮಳೆಗಾಲದಲ್ಲಿ ಮೊಣಕಾಲ ತನಕ ನಿಂತ ನೀರಿನಲ್ಲಿ ನಡೆದು ಮನೆಗೆ ಬಂದ. ಹಿಮ್ಮಡಿ ಒಡೆದಿತ್ತು. ಜ್ವರ ಬಂತು, ಮೂತ್ರಪಿಂಡಗಳು ಕೈಕೊಟ್ಟವು. ರಕ್ತ ಪರೀಕ್ಷೆ ಮಾಡಿದ ಆಸ್ಪತ್ರೆಯವರು ಹೇಳಿದ್ದು ಇಷ್ಟೇ. ಆದರೆ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರು ದನಿ ತಗ್ಗಿಸುತ್ತಾರೆ: "ಆ ಹುಡುಗಿ ಕೊಟ್ಟ ಕೆಂಪು ಗುಳಿಗಿ ನುಂಗಿದ್ದನಲ್ಲ, ಅದು ಒಳಗ ಕುಂತು ಈಗ ಕೆಲಸ ಮಾಡೇತಿ."

ಗುಳಿಗೆಗೂ ಅವನ ಸಾವಿಗೂ ಸಂಬಂಧವಿಲ್ಲ. ಬಂಡೆಪ್ಪ ಇದ್ದಿದ್ದರೆ ನಲ್ಲಿಯ ಮಾತನ್ನೂ ನಂಬುತ್ತಿರಲಿಲ್ಲ, ಆಸ್ಪತ್ರೆಯ ಮಾತನ್ನೂ ನಂಬುತ್ತಿರಲಿಲ್ಲ. ಅವನು ಇದ್ದದ್ದೇ ಹಾಗೆ.

ಇಂಡಿ ತಾಲೂಕಿನಿಂದ ಮುಂಬಯಿಗೆ ಬಂದಾಗ ಅವನಿಗೆ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಮೊದಮೊದಲು ಸಿಮೆಂಟು ಹೊತ್ತ, ಆಮೇಲೆ ಟೈಲ್ಸ್ ಮಿಸ್ತ್ರಿಯಾದ. ಕೂರಿಸಿದ ಟೈಲ್ಸು ಒಣಗಿದ ಮೇಲೆ ಜೇಬಿನಿಂದ ನಾಣ್ಯ ತೆಗೆದು ಒಂದೊಂದನ್ನೂ ಬಡಿದು ಕೇಳುವುದು ಆ ಕೆಲಸದ ರೀತಿ. ಅಡಿಯಲ್ಲಿ ಸಿಮೆಂಟು ತುಂಬಿದ್ದರೆ ಗಟ್ಟಿ ಸದ್ದು ಬರುತ್ತದೆ, ಗಾಳಿ ಉಳಿದಿದ್ದರೆ ಪೊಳ್ಳು ಸದ್ದು. ಪೊಳ್ಳನ್ನು ಎಬ್ಬಿಸಿ ಮತ್ತೆ ಕೂರಿಸಬೇಕು. ಉಳಿದ ಮಿಸ್ತ್ರಿಗಳು ಈ ಬಡಿತವನ್ನು ಸೈಟಿನಲ್ಲೇ ಬಿಟ್ಟು ಬರುತ್ತಿದ್ದರು. ಬಂಡೆಪ್ಪ ಮಾತ್ರ ಗ್ಯಾಸ್ ಸಿಲಿಂಡರನ್ನೂ ಬಡಿಯುತ್ತಿದ್ದ, ಪಕ್ಕದ ಮನೆಯವರು ಹೊಸದಾಗಿ ಕೊಂಡ ಕಪಾಟನ್ನೂ ಬಡಿಯುತ್ತಿದ್ದ. ಹೆಣ್ಣು ನೋಡಲು ಬಂದ ದಿನ ಚಹಾ ತಂದ ಹಿತ್ತಾಳೆ ತಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿದ್ದನೆಂದು ಅವನ ಹೆಂಡತಿ ನೀಲಾವತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. "ಪುಣ್ಯಾಕ ನನ್ನ ತಲಿ ತಟ್ಟಲಿಲ್ಲ ನೋಡ್ರಿ."

ಅವನಿಗೆ ಸಂಶಯವಿಲ್ಲದೆ ಇದ್ದ ಜಾಗ ಒಂದೇ, ಮಧ್ಯಾಹ್ನದ ಊಟ. ಶ್ರೀಶೈಲ, ನಿಂಗಣ್ಣ, ಶ್ರೀಮಂತ ಮತ್ತು ಅವನು, ನಾಲ್ವರೂ ಅದೇ ಕಡೆಯವರು. ವರ್ಷಗಳಿಂದ ಕೂಡಿ ಕೆಲಸ ಮಾಡುತ್ತಿದ್ದವರು. ಸೈಟು ಅಂಧೇರಿಯಲ್ಲಿರಲಿ ಪವಾಯಿಯಲ್ಲಿರಲಿ, ಊಟದ ಹೊತ್ತಿಗೆ ಟೈಲ್ಸಿನ ರಟ್ಟು ಹಾಸಿ, ನಾಲ್ಕೂ ಬುತ್ತಿ ಬಿಚ್ಚಿ ನಡುವೆ ಇಡುತ್ತಿದ್ದರು. ರೊಟ್ಟಿ ಒಂದೇ ರಾಶಿ, ಪಲ್ಯ ಒಂದೇ ಕಡೆ. ಯಾರ ಮನೆಯದು ಯಾರು ಉಂಡರು ಎಂಬ ಲೆಕ್ಕವಿಲ್ಲ. ಒಬ್ಬ ಬುತ್ತಿ ತರದ ದಿನ ಉಳಿದ ಮೂವರ ಬುತ್ತಿಯೇ ನಾಲ್ವರದು.

ಪವಾಯಿಯ ಕೆರೆಯ ಎದುರು ಒಂದು ಎತ್ತರದ ಬಿಲ್ಡಿಂಗ್ ಏಳುತ್ತಿತ್ತು. ಅದರ ಹೊರಗೋಡೆಗೆ ಕಲ್ಲು ಕೂರಿಸುವ ಕೆಲಸ ಈ ನಾಲ್ವರಿಗೆ ಸಿಕ್ಕಿತು. ಮೇಲಿನಿಂದ ತಂತಿ ಹಗ್ಗಕ್ಕೆ ತೂಗಿಬಿಟ್ಟ ತೊಟ್ಟಿಲಿನಲ್ಲಿ ನಿಂತು ಮಾಡುವ ಕೆಲಸ ಅದು. ತೊಟ್ಟಿಲಿಗೆ ಝೂಲಾ ಎನ್ನುತ್ತಾರೆ. ಝೂಲಾ ಹತ್ತಲು ಹೈಟ್ ಪಾಸ್, ಅಂದರೆ ಎತ್ತರದ ಕೆಲಸದ ಪರವಾನಗಿ, ಬೇಕು. ಹೈಟ್ ಪಾಸ್‌ಗೆ ಗೇಟಿನಲ್ಲಿ ಕಣ್ಣು, ಕಿವಿ, ಬಿ.ಪಿ. ನೋಡುತ್ತಾರೆ. ಉಳಿದ ಮೂವರ ಬಿ.ಪಿ. ಗೆರೆಯ ಮೇಲೊಮ್ಮೆ ಕೆಳಗೊಮ್ಮೆ ತೂಗಾಡುತ್ತಿತ್ತು, ಹೇಗೋ ಪಾಸಾದರು. ಬಂಡೆಪ್ಪನದು ನೂರಾ ಐವತ್ತೆಂಟು.

"ನೂರಾ ನಲವತ್ತರೊಳಗೆ ಬರಬೇಕು" ಎಂದು ಸಿಸ್ಟರ್ ಹಿಂದಿಯಲ್ಲಿ ಹೇಳಿದಳು. ಮತ್ತೆ ನೋಡುವುದು ಮೂರು ತಿಂಗಳ ಮೇಲೆ. ಅಲ್ಲಿಯವರೆಗೆ ಒಳಗಿನ ಬಚ್ಚಲುಮನೆಗಳ ಕೆಲಸ. ಮೂವರು ಗೋಡೆಯ ಹೊರಗೆ, ಇವನೊಬ್ಬ ಒಳಗೆ. ಝೂಲಾ ಕಿಟಕಿಯ ಮುಂದೆ ಹಾದು ಹೋಗುವಾಗ ಶ್ರೀಶೈಲ ಗಾಜು ತಟ್ಟಿ ಕೂಗುತ್ತಿದ್ದ: "ಏನ್ ಸಾಹೇಬರ, ಬಚ್ಚಲ್ದಾಗ ಎಷ್ಟೊತ್ತು?" ಬಂಡೆಪ್ಪ ಬೆನ್ನು ತಿರುಗಿಸುತ್ತಿದ್ದ. ಪಾಸ್ ಸಿಗದೇ ಹೋದರೆ ಅವನ ಜಾಗಕ್ಕೆ ಬೇರೆ ಮಿಸ್ತ್ರಿ ಬರುತ್ತಾನೆ, ಬಂದವನು ಬುತ್ತಿ ಬಿಚ್ಚಿ ಅದೇ ರಟ್ಟಿನ ಮೇಲೆ ಕೂರುತ್ತಾನೆ. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹಾಗಂತ ಅವನು ಬಿ.ಪಿ.ಗೆ ಗುಳಿಗೆ ತಿಂದಿರಲಿಲ್ಲವೆಂದಲ್ಲ. ಹಿಂದಿನ ವರ್ಷ ಒಬ್ಬ ಡಾಕ್ಟರು ಸಣ್ಣ ಬಿಳಿ ಗುಳಿಗೆ ಬರೆದುಕೊಟ್ಟಿದ್ದರು. ಕೆಲವು ದಿನ ತಿಂದ. ಕಣಕಾಲು ಊದಿಕೊಂಡಿತು. ಅಲ್ಲಿಗೆ ಅವನಿಗೆ ಎಲ್ಲ ತಿಳಿದುಹೋಯಿತು. "ಒಮ್ಮಿ ಸುರು ಮಾಡಿದ್ರ ಸಾಯೂತನ ಬಿಡಂಗಿಲ್ಲ ಅಂತಾರ. ಯಾಕ ಬಿಡಂಗಿಲ್ಲ? ತಿಂದವರ್ದು ಕಾಲು ಊದಿಸಿ, ಆಮ್ಯಾಗ ಊತಕ್ಕ ಮತ್ತೊಂದು ಗುಳಿಗಿ ಮಾರಬೇಕಲ್ಲ." ಊತ ಬಂದದ್ದನ್ನು ಹೋಗಿ ಡಾಕ್ಟರಿಗೆ ಹೇಳು ಎಂದು ನೀಲಾವತಿ ಗೋಗರೆದಳು. ಹೇಳಲಿಲ್ಲ. ಚೀಟಿ ಹರಿದು ಒಗೆದ.

ಹೈಟ್ ಪಾಸ್ ತಪ್ಪಿದ ಹೊತ್ತಿಗೇ ಚಾಳಿಗೆ ಸೋನಾಲಿ ಬಂದಳು. ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಅಜ್ಜಿಯ ಕಡೆಯಿಂದ ಬಂದ ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಮಾತಾಡುವಾಗ ಮಾತ್ರ ಎಡವುತ್ತಿದ್ದಳು. ಗಣಪತಿ ಮಂಡಳದ ಖೋಲಿಯಲ್ಲಿ ಮೇಜು ಹಾಕಿ ಬಿ.ಪಿ. ನೋಡಿದಳು. ಸ್ವಲ್ಪ ಹೆಚ್ಚಿದ್ದು, ಗುಳಿಗೆ ತಿನ್ನದೆ ಇದ್ದವರು ಅವಳಿಗೆ ಬೇಕಾಗಿತ್ತು. ನಾಲ್ವರೂ ಹೆಸರು ಕೊಟ್ಟರು.

"ಕಾಕಾ, ಇದು ಪುಂಡಿ. ಮರಾಠಿಯಲ್ಲಿ ಅಂಬಾಡಿ. ಲಾಲ್‌ವಾಲಾ ಪುಂಡಿಕಾಯಿ ಇರ್ತದಲ್ಲ, ಅದರ ಸಿಪ್ಪೆದು ಅರ್ಕ್ ತೆಗೆದು ಕ್ಯಾಪ್ಸೂಲ್ ಮಾಡಿದ್ದು" ಎಂದಳು. "ಅದರಲ್ಲಿ ಪಾಲಿಫಿನಾಲ್ ಅಂತ ಇದೆ. ಹಣ್ಣಿನ ಕೆಂಪು ಬಣ್ಣ, ಚಹಾದ ಒಗರು, ಎಲ್ಲ ಅದೇ ಜಾತಿ. ರಕ್ತದ ನಾಳ ಸ್ವಲ್ಪ ಸಡಿಲ್ ಮಾಡ್ತದೆ ಅಂತಾರೆ. ಮತ್ತೆ ಆಂಟಿಆಕ್ಸಿಡೆಂಟ್. ಸರಳಿಗೆ ಜಂಗ್, ತುಕ್ಕು ಹಿಡೀತದಲ್ಲ, ಹಂಗೆ ಮೈ ಒಳಗೆ ಆಗೋದನ್ನ ತಡೀತದೆ."

"ಜಂಗ್ ಹಿಡ್ಯಾಕ ನಾವೇನ್ ಕಬ್ಬಿಣೇನ ತಂಗಿ?" ಎಂದ ಶ್ರೀಶೈಲ.

"ನಿನ್ನ ನಾಲಿಗಿಗಂತೂ ಹಿಡಿಯೂದಿಲ್ಲ ಬಿಡು, ಒಂದ್ ಗಳಿಗಿ ಸುಮ್ಮನಿದ್ರಲ್ಲ" ಎಂದ ಹಿರಿಯ ನಿಂಗಣ್ಣ.

ಬಂಡೆಪ್ಪ ನಗಲಿಲ್ಲ. "ಖರೇನ ತಡೀತೈತಿ?"

"ಲ್ಯಾಬಿನ ಸೀಸೆಯಲ್ಲಿ ತಡೀತದೆ, ನಾನೇ ನೋಡಿದ್ದೀನಿ. ಮೈಯಲ್ಲಿ ಎಷ್ಟು, ಅದು ಗೊತ್ತಿಲ್ಲ. ಅದಕ್ಕೇ ಈ ಪರೀಕ್ಷೆ."

ಗೊತ್ತಿಲ್ಲ ಎನ್ನುವವರನ್ನು ಬಂಡೆಪ್ಪ ಇನ್ನೂ ಹೆಚ್ಚು ಸಂಶಯದಿಂದ ನೋಡುತ್ತಿದ್ದ. ಅವಳ ಮುಂದಿನ ಮಾತು ಕೇಳಿ ಅವನ ಹುಬ್ಬು ಹಣೆ ಮುಟ್ಟಿತು. ಅರ್ಧ ಜನಕ್ಕೆ ಅಸಲಿ ಗುಳಿಗೆ ಸಿಗುತ್ತದೆ, ಇನ್ನರ್ಧ ಜನಕ್ಕೆ ಪುಂಡಿಯಿಲ್ಲದ ಖಾಲಿಯದು. ಡಬ್ಬಿ, ಬಣ್ಣ, ರುಚಿ ಎಲ್ಲ ಒಂದೇ. ಯಾರಿಗೆ ಯಾವುದು ಎಂಬುದು ಸೋನಾಲಿಗೂ ತಿಳಿಯದು, ಆಫೀಸಿನ ಕಂಪ್ಯೂಟರಿಗೆ ಮಾತ್ರ ಗೊತ್ತು. ಎಲ್ಲ ಮುಗಿದ ಮೇಲೆ ಬಂದು ಹೇಳುತ್ತಾಳೆ. ಇನ್ನೊಂದು ಕರಾರೂ ಇತ್ತು: ಮೂರು ತಿಂಗಳು ಮನೆಯಲ್ಲಿ ಪುಂಡಿಪಲ್ಯ ತಿನ್ನಬಾರದು, ತಿಂದರೆ ಲೆಕ್ಕ ಕೆಡುತ್ತದೆ. ಬಿ.ಪಿ. ತೀರಾ ಏರಿದರೆ ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು.

"ಕೊಡಾಕಿಗೇ ಗೊತ್ತಿಲ್ಲಂತ!" ಮೆಟ್ಟಿಲು ಇಳಿಯುವಾಗ ಬಂಡೆಪ್ಪ ಹೇಳಿದ. "ನಮ್ಮ ಮನಿ ಪುಂಡಿ ಬ್ಯಾಡಂತ, ಅವರ ಡಬ್ಬಿ ಪುಂಡಿ ಬೇಕಂತ. ಇದರಾಗ ಏನೋ ಐತಿ."

ಆದರೂ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದಿದ್ದ. ಇದು ಡಾಕ್ಟರ ಗುಳಿಗೆಯಲ್ಲ, ಊರಿನ ಸೊಪ್ಪು. ಇದರಿಂದ ಬಿ.ಪಿ. ಇಳಿದರೆ ಪೇಶಂಟ್ ಎನ್ನಿಸಿಕೊಳ್ಳದೆ ಝೂಲಾ ಹತ್ತಬಹುದು.

ಮನೆಗೆ ಬಂದವನೇ ಒಂದು ಗುಳಿಗೆ ಬಿಚ್ಚಿ ಪುಡಿಯನ್ನು ನಾಲಿಗೆಗಿಟ್ಟ. ಹುಳಿ, ಕೆಂಪು. ಮರುದಿನ ಊಟದ ಹೊತ್ತಿಗೆ ಶ್ರೀಶೈಲನ ಡಬ್ಬಿಯದನ್ನೂ ಬಿಚ್ಚಿ ನೆಕ್ಕಿದ. ಅದೂ ಹುಳಿ, ಕೆಂಪು. ಹುಟ್ಟಿದಾಗಿನಿಂದ ಪುಂಡಿ ತಿಂದ ನಾಲಿಗೆಗೆ ವ್ಯತ್ಯಾಸ ಸಿಗಲಿಲ್ಲ. ನೀರಿನಲ್ಲಿ ಕದಡಿ ನೋಡಿದ, ಬಿಸಿಲಿಗೆ ಹಿಡಿದು ನೋಡಿದ. ಏನೂ ತಿಳಿಯಲಿಲ್ಲ. ತಿಳಿಯದೆ ಹೋದದ್ದೇ ಮೋಸವಿರುವುದಕ್ಕೆ ಗುರುತಾಯಿತು.

ಮೊದಲ ತಿಂಗಳ ಮೇಲೆ ಸೋನಾಲಿ ಬಿ.ಪಿ. ನೋಡಿದಳು. ಶ್ರೀಶೈಲನದು ಇಳಿದಿತ್ತು. ಬಂಡೆಪ್ಪನದು ಇದ್ದಲ್ಲೇ ಇತ್ತು.

"ಅಸಲಿ ನಿನಗ ಬಿದ್ದೈತಿ" ಎಂದ ಬಂಡೆಪ್ಪ, ರೊಟ್ಟಿ ಮುರಿಯದೆ.

"ಬಿದ್ದಿದ್ರ ಬಿದ್ದಿರ್ಲಿ. ನಾನೇನ್ ಹೋಗಿ ಆರಿಸಿ ತಂದೇನ?"

"ಆ ಹುಡುಗಿ ನಿನ್ನ ನೋಡಿ ನಕ್ಕಿದ್ಳು, ಡಬ್ಬಿ ಕೊಡುಮುಂದ."

"ನನ್ನ ನೋಡಿದವ್ರು ಎಲ್ಲಾರೂ ನಗತಾರೋ. ನಿನ್ನ ನೋಡಿದವ್ರು ಕಿಸೆ ಮುಟ್ಟಿಕೊಂತಾರ."

ಶ್ರೀಮಂತನಿಗೆ ರೊಟ್ಟಿ ನೆತ್ತಿಗೇರಿತು. ಅವನು ಕೆಮ್ಮಿ ಮುಗಿಸಿದ ಮೇಲೆ ನಿಂಗಣ್ಣ ಹೇಳಿದ: "ಇದಕ್ಯಾಕ ಜಗಳ? ಬುತ್ತಿ ಹೆಂಗ್ ಮಾಡ್ತೀವಿ, ಹಂಗ ಮಾಡೂಣು. ನಾಲ್ಕೂ ಡಬ್ಬಿ ಒಂದರಾಗ ಸುರುವ್ರಿ, ಕಲಿಸ್ರಿ. ದಿನಾ ಉಂಡ ಮ್ಯಾಲೆ ಎಲ್ಲಾರೂ ತಮ್ಮ ತಮ್ಮ ಪಾಲು ತಗೊಳ್ರಿ. ಅಸಲಿ ಯಾರ್ದರೇ ಇರ್ಲಿ, ಎಲ್ಲಾರ ಹೊಟ್ಟಿಗೂ ಹೋಗ್ತೈತಿ."

ಇದು ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ. ನಾಲ್ವರಲ್ಲಿ ಒಬ್ಬನ ಬುತ್ತಿ ಖಾಲಿ ಎಂದು ಗೊತ್ತಿದ್ದೂ ಉಳಿದವರು ತಮ್ಮದನ್ನು ತಾವೇ ಉಣ್ಣುವುದು ಅವರು ಕಂಡ ರೀತಿಯಲ್ಲ. ಸ್ಟೀಲಿನ ಬುತ್ತಿಡಬ್ಬಿಯೊಂದಕ್ಕೆ ಗುಳಿಗೆಗಳನ್ನು ಸುರಿದು, ಮುಚ್ಚಳ ಹಾಕಿ ಕುಲುಕಿದರು. ಸೋನಾಲಿ ಗುಳಿಗೆ ಮುಗಿದ ಡಬ್ಬಿ ನೋಡಲು ಬಂದಾಗ ಎಲ್ಲ ಸರಿಯಾಗಿತ್ತು. ತಿನ್ನಬೇಕಾದಷ್ಟನ್ನು ಯಾರೂ ತಪ್ಪಿಸಿರಲಿಲ್ಲ.

ನೀಲಾವತಿಯೂ ಕರಾರು ಮುರಿಯಲಿಲ್ಲ. ಸ್ಟೇಶನ್ನಿನ ಹೊರಗೆ ಅಂಬಾಡಿ ಸೊಪ್ಪಿನ ಕಟ್ಟು ಕಂಡರೆ ಮುಖ ತಿರುಗಿಸಿ ನಡೆಯುತ್ತಿದ್ದಳು.

ಮೂರು ತಿಂಗಳು ಮುಗಿದವು. ಸೋನಾಲಿಯ ಕೊನೆಯ ತಪಾಸಣೆಯಲ್ಲಿ ಬಂಡೆಪ್ಪನದು ಸ್ವಲ್ಪ ಇಳಿದಿತ್ತು. ಅವನು ಆ ವಾರವೆಲ್ಲ ಸಿಳ್ಳೆ ಹಾಕಿಕೊಂಡು ಓಡಾಡಿದ. ಸೋಮವಾರ ಗೇಟಿನಲ್ಲಿ ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿದಳು. ನೂರಾ ನಲವತ್ತೇಳು. ಇಳಿದಿದೆ, ಆದರೆ ಸಾಲದು. ಪಾಸ್ ಇಲ್ಲ. ಕೊನೆಯ ಅವಕಾಶ ಮಳೆ ಹಿಡಿಯುವ ಮೊದಲು ಒಂದು ಸಲ, ಅಷ್ಟೇ.

ಅಂದು ಊಟದ ಹೊತ್ತಿಗೆ ಅವನು ರಟ್ಟಿನ ಹತ್ತಿರ ಬಂದು ನಿಂತ, ಕೂರಲಿಲ್ಲ.

"ಯಾವನೋ ಆರಿಸಿ ತಿಂದಾನ. ಕೆಂಪು ಜಾಸ್ತಿ ಇದ್ದದ್ದು ನೋಡಿ ನೋಡಿ ಎತಗೊಂಡಾನ. ನನಗ ಪೊಳ್ಳು ಉಳಿಸ್ಯಾನ."

"ಯಾವನೋ ಅಂದ್ರ?" ಶ್ರೀಶೈಲ ಕೈ ಒರೆಸಿಕೊಂಡು ಎದ್ದ. "ಹೆಸರ್ ಹೇಳು."

"ಹೇಳೂದೇನೈತಿ. ಡಬ್ಬಿ ಯಾರ ಚೀಲದಾಗ ಇರ್ತಿತ್ತು?"

ಡಬ್ಬಿ ಶ್ರೀಶೈಲನ ಚೀಲದಲ್ಲಿರುತ್ತಿತ್ತು. ಬಂಡೆಪ್ಪ ತನ್ನ ಬುತ್ತಿ ಎತ್ತಿಕೊಂಡು ಒಳಗಿನ ಬಚ್ಚಲುಮನೆಗೆ ಹೋಗಿ, ತಾನೇ ಕೂರಿಸಿದ ನೆಲದ ಮೇಲೆ ಕೂತು ಒಬ್ಬನೇ ಉಂಡ. ಮರುದಿನವೂ ಹಾಗೆಯೇ. ಆ ವಾರವೆಲ್ಲ, ಅದರಾಚೆಗೂ ಹಾಗೆಯೇ. ಝೂಲಾ ಕಿಟಕಿಯ ಮುಂದೆ ಹಾಯುವಾಗ ಈಗ ಯಾರೂ ಗಾಜು ತಟ್ಟುತ್ತಿರಲಿಲ್ಲ.

ಲೆಕ್ಕ ಮುಗಿಸಿಕೊಂಡು ಸೋನಾಲಿ ಮತ್ತೆ ಬಂದಳು. ಮಂಡಳದ ಖೋಲಿಯಲ್ಲಿ ನಾಲ್ವರೂ ಕೂತಿದ್ದರು. ಬಂಡೆಪ್ಪ ಬಾಗಿಲ ಬಳಿ, ಹೆಂಡತಿಯ ಪಕ್ಕ. ಬೇರೆ ಚಾಳಿನವರು ಬಂದು ತಮ್ಮದು ಯಾವುದೆಂದು ಕೇಳಿಕೊಂಡು ಹೋಗಿದ್ದರು.

"ಅಸಲಿ ತಿಂದವರಿಗೆ ಖಾಲಿ ತಿಂದವರಿಗಿಂತ ಸ್ವಲ್ಪ ಇಳಿದಿದೆ. ಸ್ವಲ್ಪವೇ" ಎಂದಳು. "ಶ್ರೀಶೈಲ ಕಾಕಾ, ನಿಮ್ದು ಅಸಲಿ. ನಿಂಗಣ್ಣ ಕಾಕಾ, ಅಸಲಿ. ಶ್ರೀಮಂತ ಕಾಕಾ, ಅಸಲಿ." ಆಮೇಲೆ ಬಾಗಿಲ ಕಡೆ ನೋಡಿದಳು. "ಬಂಡೆಪ್ಪ ಕಾಕಾ, ನಿಮ್ದು ಖಾಲಿ ಡಬ್ಬಿ ಇತ್ತು. ಆದ್ರೂ ಇವರಷ್ಟೇ ಇಳಿದಿದೆ. ಒಂದು ಕೇಳ್ತೀನಿ, ಸಿಟ್ಟು ಮಾಡ್ಬೇಡಿ. ಮನೆಯಲ್ಲಿ ಪುಂಡಿ ತಿಂತಿದ್ರಾ?"

ಎಲ್ಲರ ಕಣ್ಣು ನೀಲಾವತಿಯ ಕಡೆ ತಿರುಗಿತು. ಬಂಡೆಪ್ಪನ ಕಣ್ಣು ಕೂಡ.

"ನನ್ಯಾಕ ನೋಡ್ತೀರಿ?" ನೀಲಾವತಿ ಎದ್ದು ನಿಂತಳು. "ನಮ್ಮವ್ವ ಊರಿಂದ ಬಂದಾಗ ಒಣಗಿಸಿ ತಂದ ಪುಂಡಿ ತಿರುಗಿ ಗಂಟು ಕಟ್ಟಿ ಕಳಿಸೀನಿ. ಅಳಿಯಗ ಬ್ಯಾಡಂತ, ಡಾಕ್ಟರ್ತಿ ಬ್ಯಾಡಂದಾಳಂತ! ಮುದುಕಿ ಇನ್ನೂ ಮಾರಿ ಉಬ್ಬಿಸಿಕೊಂಡು ಕುಂತಾಳ."

ಶ್ರೀಶೈಲ ನಿಂಗಣ್ಣನ ಮುಖ ನೋಡಿದ. ಆಮೇಲೆ ತಾನೇ ಬಾಯಿಬಿಟ್ಟ.

"ತಂಗಿ, ಆ ಹೆಣ್ಮಗಳನ್ನ ಬಿಡ್ರಿ. ನಾವ ಎಲ್ಲಾ ಗುಳಿಗಿ ಒಟ್ಟಿಗಿ ಹಾಕಿ ಹಂಚಕೊಂಡು ತಿಂದೀವ್ರಿ. ಒಂದು ತಿಂಗಳ ಆದಮ್ಯಾಲಿಂದ."

ಸೋನಾಲಿಗೆ ಮೊದಲು ಅರ್ಥವಾಗಲಿಲ್ಲ. ನಿಂಗಣ್ಣ ಕೈಯಿಂದ ಸುರಿದು, ಕುಲುಕಿ, ಹಂಚಿ ತೋರಿಸಿದ. ಅವಳು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಯಾಕೆ ಕಾಕಾ?"

"ಒಂದ ಕಡೆ ಕುಂತು ಉಣ್ಣೂ ಮಂದಿರಿ ನಾವು. ಒಬ್ಬಂದು ಖಾಲಿ ಐತಿ ಅಂತ ಗೊತ್ತಾದ ಮ್ಯಾಲೆ ನಮ್ಮದು ಹೆಂಗ್ ನುಂಗೂದ್ರಿ?"

"ನಿಮ್ಮ ನಾಲ್ಕೂ ಜನರದ್ದು ತೆಗೀಬೇಕು" ಎಂದಳು ಸೋನಾಲಿ. ಬೈಯಲಿಲ್ಲ. "ಈಗ ನಿಮ್ದು ಯಾಕೆ ಇಳೀತು, ಗುಳಿಗೆಯಿಂದನಾ ಬೇರೆದರಿಂದನಾ, ನನಗೆ ಹೇಳಕ್ಕಾಗಲ್ಲ. ಒಬ್ಬರದ್ದೇ ನೋಡಿದ್ರೆ ಹೇಗೂ ಹೇಳಕ್ಕಾಗಲ್ಲ."

ಬಂಡೆಪ್ಪ ಇದನ್ನೆಲ್ಲ ಕೇಳುತ್ತಲೇ ಇರಲಿಲ್ಲ. ಖಾಲಿ ಎಂಬಲ್ಲೇ ಅವನು ನಿಂತುಬಿಟ್ಟಿದ್ದ. ನಾಲ್ಕು ಡಬ್ಬಿಗಳಲ್ಲಿ ಪೊಳ್ಳು ಒಂದೇ, ಅದು ಅವನದು. ಒಟ್ಟು ಹಾಕಿದ ದಿನದಿಂದ ಅವನ ಹೊಟ್ಟೆಗೆ ಹೋದ ಅಸಲಿಯೆಲ್ಲ ಈ ಮೂವರದು. ಅವರು ಅಷ್ಟೂ ದಿನ ಅವನ ಪೊಳ್ಳನ್ನು ಪಾಲು ಮಾಡಿಕೊಂಡು ನುಂಗಿದ್ದರು.

ಶ್ರೀಶೈಲ ಅವನ ಕಡೆ ತಿರುಗಿದ. ತಮಾಷೆ ಮಾಡುತ್ತಾನೆಂದು ಎಲ್ಲರೂ ಕಾದರು. ಮಾಡಲಿಲ್ಲ. "ಚೀಲದ ಮಾತಾಡಿದ್ದಿಯಲ್ಲ" ಎಂದಷ್ಟೇ ಹೇಳಿದ.

ಬಂಡೆಪ್ಪ ಬಾಗಿಲ ಚೌಕಟ್ಟನ್ನು ಬೆರಳಿನಿಂದ ತಟ್ಟಿದ. "ಕಂಪ್ಯೂಟರ್ ತಪ್ಪಿರಬೇಕು" ಎಂದ.

ಅವನಿಗೇ ಆ ಮಾತು ಪೊಳ್ಳು ಸದ್ದಿನಂತೆ ಕೇಳಿಸಿರಬೇಕು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಸೋನಾಲಿ ಚೀಲ ಹೆಗಲಿಗೇರಿಸಿ ಇಳಿದು ಬಂದವಳು ಅವನ ಪಕ್ಕ ನಿಂತಳು.

"ಕಾಕಾ, ಪೂರಾ ಅಸಲಿ ತಿಂದಿದ್ರೂ ನಿಮಗೆ ಸಾಕಾಗ್ತಿರಲಿಲ್ಲ. ಪುಂಡಿ ಒಳ್ಳೇದು, ಪಲ್ಯ ಆರಾಮ್ ಸೇ ತಿನ್ನಿ. ಆದ್ರೆ ನಿಮಗೆ ದವಾಯಿ ಬೇಕು. ಕಾಲು ಊದಿದ್ರೆ ಡಾಕ್ಟರಿಗೆ ಹೇಳ್ಬೇಕು, ಬೇರೆದು ಕೊಡ್ತಾರೆ. ಗುಳಿಗೆ ಒಂದೇ ಥರದ್ದು ಇರಲ್ಲ."

ಕಾಲು ಊದಿದ್ದು ಇವಳಿಗೆ ಹೇಗೆ ಗೊತ್ತಾಯಿತು ಎಂದು ಬಂಡೆಪ್ಪ ಖೋಲಿಯೊಳಗೆ ನೋಡಿದ. ನೀಲಾವತಿ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು.

ಮರುದಿನ ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುವಾಗ ಶ್ರೀಶೈಲ ಬಾಗಿಲಲ್ಲಿ ನಿಂತಿದ್ದ.

"ನೀ ಯಾಕ ಬಂದಿ?"

"ದವಾಖಾನಿಗೆ ಹೊಂಟಿ ಅಂತಲ್ಲ. ನೀ ಅಲ್ಲಿ ಗುಳಿಗಿ ಇಸ್ಕೊಂಡು ಗಟಾರದಾಗ ಒಗದು ಬಂದ್ರ? ಯಾಕ, ಸಂಶೇ ನಿನಗೊಬ್ಬಂಗ ಬರಬೇಕೇನ?"

ಇಬ್ಬರೂ ಜೊತೆಗೆ ಗುಡ್ಡ ಇಳಿದರು. ಆಸ್ಪತ್ರೆಯ ಸಾಲಿನಲ್ಲಿ ಬಂಡೆಪ್ಪ, ಮುಂದೆ ನೋಡುತ್ತಲೇ, "ಚೀಲದ ಮಾತು ಮನಸ್ಸಿನಾಗ ಇಟ್ಕೋಬ್ಯಾಡ" ಎಂದ. ಶ್ರೀಶೈಲ, "ಸಾಲು ಸರೀತು, ಮುಂದ ನಡಿ" ಎಂದ. ಆ ವಿಷಯ ಅಲ್ಲಿಗೆ ಮುಗಿಯಿತು. ಡಾಕ್ಟರು ಕಾಲು ಒತ್ತಿ ನೋಡಿ, ಹಳೆಯ ಗುಳಿಗೆಯ ಹೆಸರು ಕೇಳಿ, ಬೇರೆಯದನ್ನು ಬರೆದರು. ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಆ ದಿನ ಮಧ್ಯಾಹ್ನದಿಂದ ಅವನ ಬುತ್ತಿ ಮತ್ತೆ ರಟ್ಟಿನ ಮೇಲೆ ಬಂತು. ನೀಲಾವತಿ ಮೂರು ತಿಂಗಳ ಸಿಟ್ಟು ತೀರಿಸುವವಳಂತೆ ಡಬ್ಬಿ ತುಂಬ ಪುಂಡಿಪಲ್ಯ ಕಳಿಸುತ್ತಿದ್ದಳು. ಉಂಡ ಮೇಲೆ ಅವನು ಗುಳಿಗೆ ನುಂಗಿ ಬಾಯಿ ತೆರೆದು ತೋರಿಸುವವರೆಗೆ ಶ್ರೀಶೈಲ ಎದುರಿನಿಂದ ಏಳುತ್ತಿರಲಿಲ್ಲ. ಕಾಲು ಊದಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಗೇಟಿನ ಮುಂದೆ ಮತ್ತೆ ಸಾಲು. ಬಂಡೆಪ್ಪ ಕುರ್ಚಿಯಲ್ಲಿ ಕೂತು ತೋಳು ಚಾಚಿದ. ಸಿಸ್ಟರ್ ಪಟ್ಟಿ ಬಿಚ್ಚಿ, "ಒನ್ ಥರ್ಟಿ ಫೋರ್. ಪಾಸ್" ಎಂದಳು.

ಅವನು ಏಳಲಿಲ್ಲ. "ಇನ್ನೊಮ್ಮಿ ನೋಡ್ರಿ."

"ಕ್ಯಾ?"

"ಇನ್ನೊಂದು ಕೈ ನೋಡ್ರಿ ಸಿಸ್ಟರ್. ಒಂದ ಸಲಕ್ಕ ಹೆಂಗ್ ಇಳೀತು?"

ಶ್ರೀಶೈಲ ಹಿಂದಿಗೆ ತಿರುಗಿಸಿ ಹೇಳಿದ. ಸಿಸ್ಟರ್ ನಿಟ್ಟುಸಿರು ಬಿಟ್ಟು ಇನ್ನೊಂದು ತೋಳಿಗೆ ಸುತ್ತಿದಳು. ನೂರಾ ಮೂವತ್ತೆರಡು. ಬಂಡೆಪ್ಪ ಯಂತ್ರವನ್ನು ದಿಟ್ಟಿಸಿದ. ಸ್ವಲ್ಪ ಹೊತ್ತು ಕೂತು ಮತ್ತೆ ನೋಡಲು ಹೇಳಿದ. ಸಾಲಿನಲ್ಲಿದ್ದ ಬಿಹಾರಿ ಹುಡುಗರು ಕೂಗಾಡಲು ಶುರು ಮಾಡಿದರು. ಮೂರನೆಯ ಸಲ ಇನ್ನೂ ಒಂದು ಅಂಕಿ ಕೆಳಗೆ.

"ಏಳೋ ಮಾರಾಯಾ" ಎಂದು ನಿಂಗಣ್ಣ ರಟ್ಟೆ ಹಿಡಿದು ಎಬ್ಬಿಸಿದ. "ಇಳದದ್ದೂ ತಪ್ಪೇನ ನಿನಗ?"

"ಮಿಷಿನ್ ಕೆಟ್ಟೈತಿ" ಎಂದ ಬಂಡೆಪ್ಪ. ಪಾಸನ್ನು ಎರಡು ಸಲ ಮಡಚಿ ಒಳಜೇಬಿಗೆ ಹಾಕಿಕೊಂಡ. ಸೇಫ್ಟಿ ಬೆಲ್ಟಿನ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದ, ಹಾಗೆಯೇ ಶ್ರೀಶೈಲನ ಕೊಂಡಿಗಳನ್ನೂ ಎಳೆದು ನೋಡಿದ. ಆಮೇಲೆ ನಾಲ್ವರೂ ಝೂಲಾ ಹತ್ತಿದರು.